ಅಜ್ಜನ ಚಾಕುವನ್ನು ಉಜ್ಜಿ ಕೆಡಿಸಿದ್ದು

ಹಿರಿಯರಿಂದ ಬಂದ ಮಡಚುವ ಚಾಕು ನಿಮ್ಮ ಕೈಸೇರಿದ್ದು, ಅದನ್ನು ಯಾರು, ಎಲ್ಲಿ ಮಾಡಿದರೆಂದು ತಿಳಿಯುವ ಆಸೆ ನಿಮಗಿದ್ದರೆ, ತಿಳಿದುಕೊಳ್ಳುವವರೆಗೂ ಅದನ್ನು ಉಜ್ಜಬೇಡಿ. ನಾನು ಉಜ್ಜಿದೆ. ಇಂದು ಆ ಚಾಕುವಿನ ಮೂಲವನ್ನು ಯಾರೂ ಖಚಿತವಾಗಿ ಹೇಳಲಾರದ ಸ್ಥಿತಿ ಬಂದಿದೆ.

ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ನನಗೆ ಬಂದ ಆ ಚಾಕುವಿಗೆ ಕೊಂಬಿನ ಹಿಡಿ, ಒಂದು ದೊಡ್ಡ ಅಲಗು, ಒಂದು ಚಿಕ್ಕ ಅಲಗು. ಬಹಳ ಕಾಲ ಪೆಟ್ಟಿಗೆಯ ತಳದಲ್ಲಿ ಬಿದ್ದಿದ್ದರಿಂದ ಅಲಗುಗಳು ಕಪ್ಪಾಗಿದ್ದವು, ಅಲ್ಲಲ್ಲಿ ಕೆಂಪು ತುಕ್ಕೂ ಹಿಡಿದಿತ್ತು. ದೊಡ್ಡ ಅಲಗಿನ ಬುಡದಲ್ಲಿ, ಅಂದರೆ ಹರಿತವಾದ ಅಂಚು ಮುಗಿದು ಅಲಗು ಹಿಡಿಯೊಳಗೆ ಸೇರುವ ಚಪ್ಪಟೆ ಭಾಗದಲ್ಲಿ, ಏನೋ ಕೊರೆದಂತಿರುವುದು ಬೆರಳಿಗೆ ತಿಳಿಯುತ್ತಿತ್ತು. ಕೊಳೆ ಹೋದರೆ ಅಕ್ಷರಗಳು ತಾವಾಗಿಯೇ ಕಾಣುತ್ತವೆ ಎಂದು ನಾನು ಲೆಕ್ಕ ಹಾಕಿದೆ. ಪಾತ್ರೆಪಗಡಿಗೆ ಸಲ್ಲುವ ಲೆಕ್ಕ ಅದು.

ಮೊದಲು ಇಡೀ ಚಾಕುವನ್ನು ಒಂದು ರಾತ್ರಿ ವಿನೆಗರ್‌ನಲ್ಲಿ ಮುಳುಗಿಸಿಟ್ಟೆ. ಬೆಳಗ್ಗೆ ಸ್ಯಾಂಡ್ ಪೇಪರ್ ಹಿಡಿದು ಕುಳಿತೆ. ಅಷ್ಟಕ್ಕೂ ತೃಪ್ತಿಯಾಗದೆ, ಪಾಲಿಶ್ ಮಾಡುವವರೊಬ್ಬರ ಕೈಗೆ ಕೊಟ್ಟೆ. ಹೊಸದರಂತೆ ಮಾಡಿಕೊಡುತ್ತೇನೆಂದು ಅವರು ಹೇಳಿದರು, ಹಾಗೆಯೇ ಮಾಡಿಕೊಟ್ಟರು. ಅಲಗಿನ ಬುಡ ಕನ್ನಡಿಯಂತೆ ನುಣುಪಾಗಿತ್ತು. ಅವರನ್ನು ದೂರುವಂತಿಲ್ಲ, ತಯಾರಕರ ಮುದ್ರೆಯಿರುವ ಜಾಗವನ್ನು ಪಾಲಿಶ್ ಚಕ್ರಕ್ಕೆ ಒಡ್ಡಬೇಡಿ ಎಂದು ನಾನು ಹೇಳಿರಲೇ ಇಲ್ಲ. ವಾರದೊಳಗೆ ಕೊಂಬಿನ ಹಿಡಿ ರಿವೆಟ್ಟಿನ ಬಳಿ ಸೀಳಿತು. ಸಂದಿಯಲ್ಲಿ ಉಳಿದಿದ್ದ ಹುಳಿನೀರು ಒಳಗೊಳಗೇ ತುಕ್ಕು ಎಬ್ಬಿಸಿ, ಅಲಗನ್ನು ಬಿಗಿಯಾಗಿ ಹಿಡಿದಿಡುವ ಬೆನ್ನಿನ ಸ್ಪ್ರಿಂಗ್ ಮುರಿಯಿತು. ಇವೆರಡನ್ನೂ ದುರಸ್ತಿ ಮಾಡಿಸಬಹುದು, ಮುದ್ರೆಯನ್ನಲ್ಲ.

ನನ್ನ ಬಳಿ ಉಳಿದಿರುವುದು, ಉಜ್ಜುವ ಮೊದಲು ಹೇಗೋ ತೆಗೆದಿದ್ದ ಒಂದು ಮಸುಕಾದ ಫೋಟೋ. ಅದರಲ್ಲಿ ನಕ್ಷತ್ರದಂತಹ ಒಂದು ಗುರುತು, ಅದರ ಪಕ್ಕದಲ್ಲಿ ಶಿಲುಬೆ ಎನ್ನಬಹುದಾದ ಇನ್ನೊಂದು ಗುರುತು ಇವೆ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿದ್ದ ಜೋಸೆಫ್ ರಾಜರ್ಸ್ ಅಂಡ್ ಸನ್ಸ್ ಎಂಬ ಚಾಕು ತಯಾರಿಕಾ ಸಂಸ್ಥೆಯ ಗುರುತು ನಕ್ಷತ್ರ ಮತ್ತು ಮಾಲ್ಟೀಸ್ ಶಿಲುಬೆ; ಆ ಗುರುತು ದಾಖಲಾದದ್ದು 1682ರಲ್ಲಿ. ಇಷ್ಟು ಓದಿದ ದಿನ ನಾನು ಕುಣಿದಾಡಿದ್ದು ನಿಜ. ಆದರೆ ಆ ಹೆಸರು ಎಷ್ಟು ಪ್ರಸಿದ್ಧವಾಗಿತ್ತೋ ಅಷ್ಟೇ ನಕಲಿಗೂ ಒಳಗಾಗಿತ್ತು. ಹೋಲುವ ಚಿಹ್ನೆ, ಹೋಲುವ ಹೆಸರು ಹೊತ್ತ ಚಾಕುಗಳು ಬೇಕಾದಷ್ಟು ಇದ್ದವು. ಜರ್ಮನಿಯ ಜೋಲಿಂಗೆನ್‌ನಿಂದ ಬಂದ ಸರಕು ಶೆಫೀಲ್ಡಿನ ಹೆಸರು ಹೊತ್ತು ಮಾರಾಟವಾಗುತ್ತಿದೆ ಎಂಬ ಶೆಫೀಲ್ಡಿನ ತಯಾರಕರ ದೂರು, ಬ್ರಿಟನ್ನಿನಲ್ಲಿ 1887ರ ಸರಕು ಗುರುತುಗಳ ಕಾಯ್ದೆ (ಮರ್ಚಂಡೈಸ್ ಮಾರ್ಕ್ಸ್ ಆ್ಯಕ್ಟ್) ಬರಲು ಒಂದು ಕಾರಣವಾಯಿತು. ಹೀಗಿರುವಾಗ ಅಸಲಿಯನ್ನು ನಕಲಿಯಿಂದ ಬೇರ್ಪಡಿಸುವುದು ಹೆಸರಿನ ಒಂದೊಂದು ಅಕ್ಷರ, ಅಕ್ಷರದ ಆಕಾರ, ಕಿರೀಟದ ಚಿತ್ರ, ಅದರ ಎರಡು ಬದಿಯಲ್ಲಿ ಆಗಿನ ರಾಜ ಅಥವಾ ರಾಣಿಯನ್ನು ಸೂಚಿಸುವ ಅಕ್ಷರ ಇಂತಹ ಸಣ್ಣ ವಿವರಗಳು. ನಾನು ಉಜ್ಜಿ ತೆಗೆದದ್ದು ನಿಖರವಾಗಿ ಅವುಗಳನ್ನೇ.

ಇನ್ನೊಂದು ನಷ್ಟ ನನಗೆ ಬಹಳ ತಡವಾಗಿ ಅರ್ಥವಾಯಿತು. ಮುದ್ರೆಯಲ್ಲಿ ಇರುವುದರಷ್ಟೇ ಇಲ್ಲದಿರುವುದೂ ಸುಳಿವು ಕೊಡುತ್ತದೆ. ಆಮದು ಸರಕಿನ ಮೇಲೆ ಅದು ತಯಾರಾದ ದೇಶದ ಹೆಸರಿರಬೇಕೆಂಬ ಅಮೆರಿಕದ 1890ರ ಸುಂಕ ಕಾಯ್ದೆಯ ನಿಯಮ 1891ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಕಾರಣ, ಊರಿನ ಹೆಸರಿನ ಜೊತೆಗೆ ದೇಶದ ಹೆಸರೂ ಇದ್ದರೆ ಆ ಚಾಕು ಬಹುಮಟ್ಟಿಗೆ ಅದರ ನಂತರದ್ದೆಂದು ಊಹಿಸುತ್ತಾರೆ. ಬರೀ ಊರಿನ ಹೆಸರಿದ್ದರೆ ಅದಕ್ಕಿಂತ ಹಳೆಯದಿರಬಹುದು, ಅಥವಾ ಅಮೆರಿಕಕ್ಕೆ ಹೊರಟದ್ದಲ್ಲದಿರಬಹುದು. ನನ್ನ ಅಲಗಿನ ಮೇಲೆ ಈಗ ದೇಶದ ಹೆಸರಿಲ್ಲ. ಅದು ಮೊದಲಿನಿಂದಲೂ ಇರಲಿಲ್ಲವೋ, ನಾನು ಅಳಿಸಿದೆನೋ, ಹೇಳುವವರು ಯಾರು? ಅಲಗಿನ ಕಪ್ಪು ಕೂಡ ಕೊಳೆಯಾಗಿರಲಿಲ್ಲ. ಇಂಗಾಲದ ಉಕ್ಕು ಬಳಕೆಯಲ್ಲಿ ತಾನಾಗಿ ತಳೆಯುವ ಬಣ್ಣ ಅದು. ತುಕ್ಕು ಹಿಡಿಯದ ಉಕ್ಕನ್ನು ಹ್ಯಾರಿ ಬ್ರಿಯರ್ಲಿ ಶೆಫೀಲ್ಡಿನಲ್ಲಿ ರೂಪಿಸಿದ್ದೇ 1913ರಲ್ಲಿ, ಆದ್ದರಿಂದ ಚಾಕು ಹಳೆಯದೆಂಬುದಕ್ಕೆ ಆ ಕಪ್ಪೇ ಒಂದು ಸಣ್ಣ ಸಾಕ್ಷಿಯಾಗಿತ್ತು.

ಹಾಗಾದರೆ ಮಾಡಬೇಕಾದದ್ದೇನು ಎಂದರೆ, ಬಹಳ ಕಡಿಮೆ. ಹೊಲಿಗೆ ಯಂತ್ರಕ್ಕೆ ಹಾಕುವಂತಹ ತೆಳು ಎಣ್ಣೆಯ ಒಂದೆರಡು ಹನಿ ಬಿಟ್ಟು, ಮೆತ್ತನೆಯ ಬಟ್ಟೆಯಿಂದ ಸಡಿಲವಾದ ತುಕ್ಕನ್ನಷ್ಟೇ ಒರೆಸಿ. ಕತ್ತಲ ಕೋಣೆಯಲ್ಲಿ ಟಾರ್ಚನ್ನು ಅಲಗಿನ ಮಟ್ಟಕ್ಕೆ ಹಿಡಿದು ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟರೆ, ನೇರ ಬೆಳಕಿನಲ್ಲಿ ಕಾಣದ ಗೆರೆಗಳು ನೆರಳಿನಿಂದ ಎದ್ದು ಬರುತ್ತವೆ. ಸೀಮೆಸುಣ್ಣದ ನುಣ್ಣನೆಯ ಪುಡಿಯನ್ನು ಬೆರಳಲ್ಲಿ ಸವರಿ ಮೇಲಿನದನ್ನು ಒರೆಸಿದರೆ ಕೊರೆದ ಅಕ್ಷರಗಳಲ್ಲಿ ಬಿಳಿ ನಿಲ್ಲುತ್ತದೆ. ಅಲಗಿನ ಎರಡೂ ಬದಿ ನೋಡಿ; ಹೆಸರು ಒಂದು ಕಡೆ, ಚಿಹ್ನೆ ಇನ್ನೊಂದು ಕಡೆ ಇರಬಹುದು. ಕಂಡ ಹೆಸರನ್ನು ಕೂಡಲೇ ತಯಾರಕರ ಹೆಸರೆಂದು ತಿಳಿಯಬೇಡಿ. ಲಾಗಿಯೋಲ್ ಎಂಬುದು ಫ್ರಾನ್ಸಿನ ಒಂದು ಹಳ್ಳಿಯ ಹೆಸರು, ಚಾಕುವಿನ ಒಂದು ಮಾದರಿಯ ಹೆಸರೂ ಹೌದು, ಆ ಮಾದರಿಯ ಎಷ್ಟೋ ಚಾಕುಗಳು ತಯಾರಾಗುವುದು ಥಿಯೆರ್ ಎಂಬ ಬೇರೆ ಊರಿನಲ್ಲಿ. ಹಿಡಿ, ರಿವೆಟ್ಟು, ಸ್ಪ್ರಿಂಗು, ಉಗುರು ಸಿಕ್ಕಿಸಿ ಅಲಗು ತೆರೆಯುವ ಗೀರು, ಎಲ್ಲದರ ಫೋಟೋ ಸ್ಪಷ್ಟವಾಗಿ ತೆಗೆದಿಟ್ಟುಕೊಳ್ಳಿ.

ಹಳೆಯ ಚಾಕುಗಳನ್ನು ಬಲ್ಲವರೊಬ್ಬರಿಗೆ ನನ್ನ ಹೊಳೆಯುವ ಚಾಕುವನ್ನು ತೋರಿಸಿದಾಗ, ಅವರು ಅಲಗನ್ನು ತಿರುಗಿಸಿಯೂ ನೋಡದೆ ಮೊದಲು ಕೇಳಿದ್ದು ಉಜ್ಜುವ ಮುಂಚಿನ ಫೋಟೋವನ್ನು. ಆ ಮಸುಕು ಚಿತ್ರವನ್ನು ಕಂಡು, ಶೆಫೀಲ್ಡ್ ಇರಬಹುದು, ಇಲ್ಲದೆಯೂ ಇರಬಹುದು ಎಂದರು. ಚಿಕ್ಕ ಅಲಗಿನ ಬುಡಕ್ಕೆ ಅದೃಷ್ಟವಶಾತ್ ಪಾಲಿಶ್ ಚಕ್ರ ತಾಗಿಲ್ಲ. ಅಲ್ಲಿ ಇನ್ನೂ ಸ್ವಲ್ಪ ಕಪ್ಪು ಉಳಿದಿದೆ. ಅದಕ್ಕೆ ಎಣ್ಣೆ ಹಚ್ಚಿ ಹಾಗೆಯೇ ಬಿಟ್ಟಿದ್ದೇನೆ.