ದೊಡ್ಡ ಮಕ್ಕಳ ಗಣಿತಕ್ಕೆ ಪಹಣಿ, ಪೇಪರ್, ಆ್ಯಪ್: ಯಾವುದು ಎಷ್ಟು ಕೆಲಸಕ್ಕೆ ಬಂತು?

ಐದು, ಆರನೇ ಕ್ಲಾಸಿನ ಮಕ್ಕಳಿಗೆ ಅಂಗಡಿ ಆಟ ಆಡಿಸಿ ಲೆಕ್ಕ ಕಲಿಸಬಹುದು. ಹತ್ತನೇ ಕ್ಲಾಸಿಗೆ ಬಂದವರ ಹತ್ತಿರ ಅದು ನಡೆಯೋದಿಲ್ಲ. ಮೀಸೆ ಚಿಗುರಿದ ಹುಡುಗನಿಗೆ ‘ರಾಮನ ಬಳಿ ಹನ್ನೆರಡು ಮಾವಿನಹಣ್ಣು ಇವೆ’ ಅಂತ ಶುರು ಮಾಡಿದರೆ ಅವನು ಕಿಟಕಿ ಕಡೆ ತಿರುಗುತ್ತಾನೆ. ದಾವಣಗೆರೆಯಲ್ಲಿ ಹಗಲು ಹೈಸ್ಕೂಲಿನಲ್ಲಿ, ಸಂಜೆ ಪಿಯು ಮಕ್ಕಳಿಗೆ ಟ್ಯೂಷನ್‌ನಲ್ಲಿ ಗಣಿತ ಹೇಳಿಕೊಡುವ ನಾನು ‘ಇದು ಎಲ್ಲಿ ಬಳಕೆಗೆ ಬರುತ್ತೆ ಸರ್?’ ಎಂಬ ಪ್ರಶ್ನೆಗೆ ಬೇರೆ ಬೇರೆ ಸಾಮಗ್ರಿ ಹಿಡಿದು ನೋಡಿದ್ದೇನೆ. ಯಾವುದು ಯಾವುದಕ್ಕೆ ಆಗುತ್ತದೆ ಅಂತ ಹೇಳುತ್ತೇನೆ.

ಮೊದಲು ಕೈಬಿಟ್ಟದ್ದು ನೆಟ್‌ನಲ್ಲಿ ಸಿಗುವ ಹೊರದೇಶದ ವರ್ಕ್‌ಶೀಟ್‌ಗಳನ್ನು. ನೋಡೋಕೆ ಚೆಂದ, ಬಣ್ಣ ಬಣ್ಣ. ಒಳಗೆ ಇರೋದು ಹೋಟೆಲ್ ಟಿಪ್ಸ್, ಗ್ಯಾಲನ್ ಪೆಟ್ರೋಲು, ಮೈಲಿ. ಡಾಲರ್ ತೆಗೆದು ರೂಪಾಯಿ ಹಾಕಿ ಕೊಟ್ಟೆ. ‘ಬೆಣ್ಣೆ ದೋಸೆ ತಿಂದು ಶೇ 15 ಟಿಪ್ಸ್ ಕೊಡೋರು ಯಾರು ಸರ್?’ ಅಂದಳು ಒಬ್ಬ ಹುಡುಗಿ. ಅವಳು ಕೇಳಿದ್ದು ಸರಿಯಾಗೇ ಇತ್ತು.

ವಿಡಿಯೊ ಪಾಠಗಳದ್ದು ಬೇರೆ ಕಥೆ. ಖಾನ್ ಅಕಾಡೆಮಿಯ ಗಣಿತ ಕನ್ನಡದಲ್ಲೇ ಇದೆ, ಕಾಸು ಕೊಡಬೇಕಿಲ್ಲ. ಭಿನ್ನರಾಶಿ, ಶೇಕಡಾ ಸರಿಯಾಗಿ ಕೂರದೆ ಮುಂದಕ್ಕೆ ಬಂದ ಮಕ್ಕಳಿಗೆ ಇದಕ್ಕಿಂತ ಒಳ್ಳೇದು ನನಗೆ ಸಿಕ್ಕಿಲ್ಲ. ಒಂದೇ ಪಾಠವನ್ನು ಮನೆಯಲ್ಲಿ ಎಷ್ಟು ಸಲ ಬೇಕಾದರೂ ಹಾಕಿಕೊಳ್ಳಬಹುದು, ನಾಚಿಕೆ ಪಡಬೇಕಿಲ್ಲ. ಆದರೆ ಅದು ಅಡಿಪಾಯ ಗಟ್ಟಿ ಮಾಡುವ ಸಾಮಗ್ರಿ. ಹರಿಹರದ ಹುಡುಗನ ಮನೆ ಲೆಕ್ಕ ಅದರಲ್ಲಿ ಹುಡುಕಬಾರದು.

ಜಿಯೋಜೀಬ್ರಾ ನನಗೆ ಇಷ್ಟ. ಮಾರ್ಕುಸ್ ಹೋಹೆನ್‌ವಾರ್ಟರ್ ಎಂಬವರು 2001ರಲ್ಲಿ ಆಸ್ಟ್ರಿಯಾದಲ್ಲಿ ಶುರು ಮಾಡಿದ ತಂತ್ರಾಂಶ. ಮೊಬೈಲಿಗೆ ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ. ಎರಡು ಸರಳರೇಖೆ ಎಲ್ಲಿ ಸೇರುತ್ತವೆ, ಒಂದು ಸಂಖ್ಯೆ ಬದಲಾದರೆ ನಕ್ಷೆ ಹೇಗೆ ಓಲುತ್ತದೆ, ಇವನ್ನೆಲ್ಲ ಬೆರಳಲ್ಲಿ ಎಳೆದು ತೋರಿಸಬಹುದು. ಬೋರ್ಡಿನ ಮೇಲೆ ಅದು ಆಗೋದಿಲ್ಲ. ತ್ರಿಕೋನಮಿತಿಗೆ ಮಾತ್ರ ಇದೂ ಬೇಡ. ಕೋನಮಾಪಕಕ್ಕೆ ದಾರ ಕಟ್ಟಿ, ತುದಿಗೊಂದು ನಟ್ಟು ತೂಗುಬಿಟ್ಟು ಮಕ್ಕಳನ್ನು ಧ್ವಜಕಂಬದ ಮುಂದೆ ನಿಲ್ಲಿಸಿ. ತುದಿ 45 ಡಿಗ್ರಿಯಲ್ಲಿ ಕಾಣುವವರೆಗೆ ಹಿಂದೆ ಸರಿಯಲಿ. ಕಂಬದಿಂದ ಇರುವ ದೂರಕ್ಕೆ ಅವರ ಕಣ್ಣಿನ ಎತ್ತರ ಕೂಡಿಸಿದರೆ ಕಂಬದ ಎತ್ತರ ಸಿಕ್ಕಿತು.

ಈಗ ನಿಜವಾದ ಪೈಪೋಟಿಗೆ ಬರೋಣ: ದಿನಪತ್ರಿಕೆಯ ಜಲಾಶಯ ಮಟ್ಟದ ಅಂಕಣ ಮತ್ತು ಮನೆಯ ಕಾಗದ ಪತ್ರ.

ಪತ್ರಿಕೆಯದ್ದು ಸುಲಭ. ಮಳೆಗಾಲದಲ್ಲಿ ದಿನಾ ಹೊಸ ಅಂಕಿ ಬರುತ್ತದೆ. ಭದ್ರಾದ ಗರಿಷ್ಠ ಮಟ್ಟ 186 ಅಡಿ, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು. ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಭಾಗಿಸಿದರೆ, ಸುಮಾರು 11,574 ಕ್ಯುಸೆಕ್ ನೀರು ಇಡೀ ದಿನ ಹರಿದರೆ ಒಂದು ಟಿಎಂಸಿ. ಈ ಒಂದು ಲೆಕ್ಕ ಗೊತ್ತಾದ ಮೇಲೆ ಮಕ್ಕಳು ಪೇಪರ್ ಓದುವ ರೀತಿಯೇ ಬೇರೆ. ನಾಲೆಯ ಕೊನೇ ಭಾಗದ ಊರುಗಳಿಂದ ಬರುವ ಮಕ್ಕಳಂತೂ ‘ಇಷ್ಟು ಬಿಟ್ರೆ ನಮ್ಮೂರಿಗೆ ಎಷ್ಟು ಬರ್ಬೇಕಿತ್ತು?’ ಅಂತ ಜಗಳಕ್ಕೇ ನಿಲ್ಲುತ್ತಾರೆ.

ಇನ್ನೊಂದು ಪ್ರಶ್ನೆ ಪಕ್ಕದ ಚಿತ್ರದುರ್ಗ ಜಿಲ್ಲೆಯದ್ದು. ವಾಣಿವಿಲಾಸ ಸಾಗರದ ಪೂರ್ಣ ಮಟ್ಟ 130 ಅಡಿ, ಹಿಡಿಯುವ ನೀರು ಸುಮಾರು 30 ಟಿಎಂಸಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲೇ. ಹಾಗಾದರೆ 65 ಅಡಿ ಇದ್ದಾಗ ನೀರೆಷ್ಟು? ಇಡೀ ಕ್ಲಾಸು ‘15’ ಅನ್ನುತ್ತದೆ. ಜಲಾಶಯ ತಲೆಕೆಳಗಾದ ಶಂಕುವಿನ ಹಾಗಿದೆ ಅಂತ ಇಟ್ಟುಕೊಂಡರೆ ಅರ್ಧ ಎತ್ತರಕ್ಕೆ ಎಂಟನೇ ಒಂದು ಭಾಗ ಮಾತ್ರ, ನಾಲ್ಕು ಟಿಎಂಸಿಯೂ ಇಲ್ಲ. ನಿಜವಾದ ಕಣಿವೆ ಪಕ್ಕಾ ಶಂಕು ಅಲ್ಲ, ಸರಿ. ಆದರೂ ಮೇಲಿನ ಒಂದೊಂದು ಅಡಿಗೂ ಯಾಕೆ ಅಷ್ಟು ಬೆಲೆ ಅನ್ನೋದು ಘನಫಲದ ಪಾಠದಲ್ಲಿ ಹೀಗೆ ಬಂದರೆ ಮರೆಯೋದಿಲ್ಲ.

ಪತ್ರಿಕೆಯ ತೊಂದರೆ ಒಂದೇ: ಬೇಸಿಗೆಯಲ್ಲಿ ಅಂಕಿಗಳು ಅಲುಗಾಡೋದಿಲ್ಲ, ಮಕ್ಕಳಿಗೂ ಬೇಜಾರು.

ಮನೆಯ ಕಾಗದಗಳಲ್ಲಿ ಪಹಣಿಗೆ, ಅಂದರೆ ಜಮೀನಿನ ದಾಖಲೆಗೆ, ಋತುವಿನ ಹಂಗಿಲ್ಲ. ಹೆಸರು, ಸರ್ವೆ ನಂಬರ್ ಮುಚ್ಚಿ ವಿಸ್ತೀರ್ಣದ ಜಾಗ ಮಾತ್ರ ತೋರಿಸುತ್ತೇನೆ. ಒಂದರಲ್ಲಿ 2.20, ಇನ್ನೊಂದರಲ್ಲಿ 1.30. ಕೂಡಿಸಿ ಅಂದರೆ ಕ್ಯಾಲ್ಕುಲೇಟರ್ ಹಿಡಿದವರು 3.50 ಅನ್ನುತ್ತಾರೆ, ಮೂರೂವರೆ ಎಕರೆ. ಹೊಲದ ಮನೆಯ ಹುಡುಗರು ಒಪ್ಪೋದಿಲ್ಲ. ಆ ಚುಕ್ಕೆ ದಶಮಾಂಶದ್ದಲ್ಲ. 2 ಎಕರೆ 20 ಗುಂಟೆ, 1 ಎಕರೆ 30 ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ, ಹಾಗಾಗಿ ಒಟ್ಟು 4 ಎಕರೆ 10 ಗುಂಟೆ. ಮುಕ್ಕಾಲು ಎಕರೆ ವ್ಯತ್ಯಾಸ! ಇಲ್ಲಿಂದ ಗುಂಟೆಗೆ 33 ಅಡಿ ಉದ್ದ 33 ಅಡಿ ಅಗಲ, 1,089 ಚದರಡಿ, 30–40 ಸೈಟು ಅದಕ್ಕಿಂತ ತುಸು ದೊಡ್ಡದು, ಹೀಗೆ ಪಾಠ ತಾನೇ ಬೆಳೆಯುತ್ತದೆ. ಗಣಿತದಲ್ಲಿ ಹಿಂದಿನ ಬೆಂಚಿನವರು ಅನಿಸಿಕೊಂಡವರೇ ಆವತ್ತು ಮೇಷ್ಟ್ರು.

ಎಪಿಎಂಸಿಯಿಂದ ತಂದ ಮೆಕ್ಕೆಜೋಳದ ಲೆಕ್ಕವೂ ಹೀಗೇ. ಶೇ 20 ತೇವಾಂಶ ಇರುವ ಒಂದು ಕ್ವಿಂಟಲ್ ಕಾಳನ್ನು ಶೇ 14ಕ್ಕೆ ಒಣಗಿಸಿದರೆ ತೂಕ ಎಷ್ಟು? ಆರು ಕಳೆದು 94 ಅನ್ನುತ್ತಾರೆ. ನೀರು ಬಿಟ್ಟು ಉಳಿದದ್ದು 80 ಕೆ.ಜಿ. ಅದು ಹಾಗೇ ಇರುತ್ತದೆ, ಒಣಗಿದ ಮೇಲೆ ಅದೇ 80 ಒಟ್ಟು ತೂಕದ ಶೇ 86 ಆಗಬೇಕು. ಭಾಗಿಸಿದರೆ 93.02. ಐವತ್ತು ಕ್ವಿಂಟಲ್ ಲೋಡಿಗೆ ಈ ತಪ್ಪು ಸುಮಾರು 49 ಕೆ.ಜಿ. ಆಗುತ್ತದೆ. ಅದಕ್ಕೇ ಹತ್ತನೇ ತರಗತಿಗೆ ನನ್ನ ಮೊದಲ ಆಯ್ಕೆ ಮನೆಯ ಕಾಗದ, ಮಾರುಕಟ್ಟೆ ಲೆಕ್ಕ, ಪತ್ರಿಕೆ ಎರಡನೆಯದು.

ಒಂದು ಎಚ್ಚರಿಕೆ. ಸಾಲದ ಕಾಗದವನ್ನು ಮನೆಯಿಂದ ತರಲು ಹೇಳಬೇಡಿ. ಒಡವೆ ಅಡ ಇಟ್ಟ ಚೀಟಿ ನಾಲ್ಕು ಜನರ ಮುಂದೆ ಬಿಚ್ಚೋದು ಯಾವ ಮಗುವಿಗೂ ಬೇಡ. ಬಡ್ಡಿಯ ಲೆಕ್ಕಕ್ಕೆ ನಾನೇ ಅಂಕಿ ಕಟ್ಟುತ್ತೇನೆ, ಸಾಮಗ್ರಿ ಗೂಗಲ್ ಶೀಟ್ಸ್. ಪಿಯು ಮಕ್ಕಳ ಜೊತೆ ಇದು ಉಳಿದೆಲ್ಲವನ್ನೂ ಹಿಂದೆ ಹಾಕಿತು. 60,000 ರೂಪಾಯಿ ಬೈಕ್ ಸಾಲ, ಎರಡು ವರ್ಷ, ಶೇ 12 ಫ್ಲಾಟ್ ಬಡ್ಡಿ, ಅಂದರೆ ಅಸಲು ತೀರುತ್ತಾ ಬಂದರೂ ಮೊದಲಿನ ಇಡೀ ಸಾಲದ ಮೇಲೇ ಹಾಕುವ ಬಡ್ಡಿ. ಬಡ್ಡಿ 14,400, ತಿಂಗಳ ಕಂತು 3,100. ಅದೇ ಶೇ 12ನ್ನು ಉಳಿದ ಅಸಲಿನ ಮೇಲೆ ಹಾಕಿದರೆ ಕಂತು ಸುಮಾರು 2,824, ಒಟ್ಟು ಬಡ್ಡಿ 7,800ರೊಳಗೆ. ಮಕ್ಕಳು ಸಾಲು ಸಾಲಾಗಿ ತುಂಬಲಿ: ಮೊದಲ ತಿಂಗಳು ಬಡ್ಡಿ 600, ಎರಡನೇ ತಿಂಗಳು 578, ಹೀಗೆ ಇಳಿಯುತ್ತಾ ಹೋಗುತ್ತದೆ. ಫ್ಲಾಟ್ ಸಾಲದಲ್ಲಿ ಕೊನೇ ತಿಂಗಳು ಉಳಿದ ಅಸಲು ಬರೀ 2,500, ಬಡ್ಡಿ ಮಾತ್ರ ಆಗಲೂ 600. ಆ ಸಾಲು ಪರದೆ ಮೇಲೆ ಬಂದಾಗ ಕ್ಲಾಸಿನಲ್ಲಿ ಗದ್ದಲ ಏಳುತ್ತದೆ. ಫ್ಲಾಟ್‌ನ ಆ ಶೇ 12 ಲೆಕ್ಕ ಹಾಕಿದರೆ ನಿಜದಲ್ಲಿ ವರ್ಷಕ್ಕೆ ಇಪ್ಪತ್ತೊಂದೂವರೆಯಷ್ಟು ಅಂತ ಶೀಟ್ಸೇ ತೋರಿಸುತ್ತದೆ.

ಕಂಪ್ಯೂಟರ್ ಲ್ಯಾಬ್ ಬೇಕಿಲ್ಲ, ನಾಲ್ವರಿಗೆ ಒಂದು ಮೊಬೈಲ್ ಇದ್ದರೂ ನಡೆಯುತ್ತದೆ. ಸಮಯ ಮಾತ್ರ ತಿನ್ನುತ್ತದೆ. ನಾನು ಇಂಥವನ್ನೆಲ್ಲ ಶನಿವಾರದ ಬೆಳಗಿನ ತರಗತಿಗೆ ಇಟ್ಟುಕೊಳ್ಳುತ್ತೇನೆ. ಡಿಸೆಂಬರ್ ಆದ ಮೇಲೆ ಹತ್ತನೆಯವರಿಗೆ ಹಳೇ ಪ್ರಶ್ನೆಪತ್ರಿಕೆಗಳದ್ದೇ ಕೆಲಸ.