ಹಳೆಯ ಬೈಕಿಗೆ ಮೂರನೆಯ ಚಕ್ರ: ಸೈಡ್‌ಕಾರ್ ಲೇಸೋ, ಹಿಂದೆ ಜೋಡಿ ಚಕ್ರ ಲೇಸೋ?

ಸೈಡ್‌ಕಾರ್ (ಬೈಕಿನ ಪಕ್ಕಕ್ಕೆ ಕಟ್ಟುವ ಒಂಟಿ ಚಕ್ರದ ಗಾಡಿ) ಜೋಡಿಸುವುದಾದರೆ ಹಳೆಯ ಬೈಕಿನ ಮೂಲ ಚೌಕಟ್ಟನ್ನು ಸಾಮಾನ್ಯವಾಗಿ ಕತ್ತರಿಸಬೇಕಾಗಿಲ್ಲ, ಬೇಡವೆನಿಸಿದಾಗ ಬಿಚ್ಚಿಡಲೂಬಹುದು. ಆದರೆ ವೇಗ ಹೆಚ್ಚಿಸಿದಾಗ ವಾಹನವು ಸೈಡ್‌ಕಾರಿನ ಕಡೆಗೂ, ಸೈಡ್‌ಕಾರಿನ ಚಕ್ರಕ್ಕೆ ಬ್ರೇಕ್ ಇಲ್ಲದಿದ್ದರೆ ನಿಲ್ಲಿಸುವಾಗ ವಿರುದ್ಧ ದಿಕ್ಕಿಗೂ ಎಳೆಯುವುದರಿಂದ, ಆ ಚಕ್ರದ ಕೋನವನ್ನೂ ಬೈಕಿನ ವಾಲುವಿಕೆಯನ್ನೂ ತಾಳ್ಮೆಯಿಂದ ಹೊಂದಿಸಬೇಕು. ಸೈಡ್‌ಕಾರ್ ಖಾಲಿಯಿದ್ದರೆ ಅದರತ್ತ ತಿರುಗುವಾಗ ಚಕ್ರ ನೆಲ ಬಿಟ್ಟು ಏಳುವ ಅಪಾಯವೂ ಇದೆ.

ಹಾರ್ಲೆ-ಡೇವಿಡ್‌ಸನ್ 1932ರಿಂದ 1973ರವರೆಗೆ ತಯಾರಿಸಿದ ಮೂರು ಚಕ್ರದ ಸರ್ವಿ-ಕಾರ್‌ನಂತೆ ಹಿಂದೆ ಎರಡು ಚಕ್ರಗಳನ್ನಿಟ್ಟರೆ ಈ ಎಳೆತವಿರುವುದಿಲ್ಲ. ಅದಕ್ಕೆ ಡಿಫರೆನ್ಷಿಯಲ್ (ತಿರುವಿನಲ್ಲಿ ಎರಡು ಚಕ್ರಗಳೂ ಬೇರೆ ಬೇರೆ ವೇಗದಲ್ಲಿ ಉರುಳಲು ಬಿಡುವ ಗೇರು ಜೋಡಣೆ) ಇರುವ ಆಕ್ಸಲ್ ಬೇಕು, ಚೌಕಟ್ಟಿನ ಹಿಂಭಾಗವನ್ನು ಹೊಸದಾಗಿ ವೆಲ್ಡ್ ಮಾಡಬೇಕು. ಮುಂದೆ ಎರಡು ಚಕ್ರಗಳಿರುವ ಬ್ರಿಟನ್ನಿನ ಮಾರ್ಗನ್ ಕಂಪನಿಯ ಮೂರು ಚಕ್ರದ ವಾಹನದ ಮಾದರಿ ತಿರುವಿನಲ್ಲಿ ಬ್ರೇಕ್ ಹಾಕಿದಾಗ ಇನ್ನೂ ಸ್ಥಿರವಾದರೂ, ನನ್ನ ದೃಷ್ಟಿಯಲ್ಲಿ ಅದು ಬೈಕಿಗಿಂತ ಕಾರೇ ಸರಿ. ಬೈಕು ಅಪರೂಪದ್ದಾದರೆ ಸೈಡ್‌ಕಾರ್ ಮೇಲು; ಚೌಕಟ್ಟು ಮೊದಲೇ ಕೆಟ್ಟಿದ್ದರೆ ಜೋಡಿ ಚಕ್ರಕ್ಕೆ ಹಿಂಜರಿಯಬೇಕಿಲ್ಲ.