ಸಿಂಗಾಪುರದ ಸಂಜೆಗೆ ಸಮುದ್ರದ ಹಡಗಾ, ಹೊಳೆಯ ದೋಣಿಯಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸಣ್ಣ ದೋಣಿಗೆ. ಸಿಂಗಾಪುರ ನದಿಯಲ್ಲಿ ಸಂಜೆ ಹೊತ್ತು ಕೆಂಪು ಲಾಟೀನು ತೂಗಿಸಿಕೊಂಡು ಓಡಾಡುತ್ತದಲ್ಲ, ಆ ಬಂಬೋಟಿಗೆ. ಅದಕ್ಕೆ ನಾವು ಕೊಟ್ಟದ್ದು ಒಬ್ಬರಿಗೆ 28 ಸಿಂಗಾಪುರ ಡಾಲರ್. ಅದಕ್ಕೂ ಮೂರು ದಿನ ಮೊದಲು ಸಮುದ್ರದಲ್ಲಿ ಹೋಗುವ ಊಟದ ಹಡಗಿಗೆ ಒಬ್ಬರಿಗೆ 80 ಡಾಲರ್ ಕೊಟ್ಟಿದ್ದೆವು. ನಾನು, ನನ್ನ ಹೆಂಡತಿ, ಅಮ್ಮ, ಮೂರು ಜನಕ್ಕೆ 240. ಡಾಲರಿಗೆ 65 ರೂಪಾಯಿ ಅಂತ ಹಿಡಿದರೂ 15,600 ಆಯಿತು. ಚಿಕ್ಕಬಳ್ಳಾಪುರದಲ್ಲಿ ಹೂವಿನ ವ್ಯಾಪಾರ ಮಾಡುವ ನನಗೆ ಅದು ಸಣ್ಣ ದುಡ್ಡಲ್ಲ. ಸೇವಂತಿಗೆ ರೇಟು ಬಿದ್ದ ವಾರದಲ್ಲಿ ಅಷ್ಟು ಉಳಿಯುವುದೇ ಕಷ್ಟ.

ದೋಣಿಯ ಆಸೆ ಅಮ್ಮನದು. ಐದು ನದಿ ಹುಟ್ಟುವ ಜಾಗ ನಮ್ಮದು ಅಂತ ಸ್ಕೂಲಲ್ಲಿ ಎಲ್ಲರೂ ಬಾಯಿಪಾಠ ಮಾಡಿದವರೇ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ, ಅರ್ಕಾವತಿ. ಎಲ್ಲ ನಂದಿ ಬೆಟ್ಟದ ಸುತ್ತಮುತ್ತಲೇ. ಆದರೆ ನಮ್ಮ ಕಣ್ಣಿಗೆ ಬೀಳುವುದು ಮರಳು, ಜಾಲಿ ಗಿಡ. ಜೋರು ಮಳೆ ಬಂದರೆ ಎರಡು ದಿನ ನೀರು, ಅಷ್ಟೇ. ಅಮ್ಮ ಎಪ್ಪತ್ತು ವರ್ಷ ನದಿಗಳ ತವರಲ್ಲೇ ಇದ್ದು, ಊರ ಮಧ್ಯೆ ತುಂಬಿ ನಿಂತ ನದಿಯನ್ನು ನೋಡಿದವರಲ್ಲ. ತಂಗಿ ಸಿಂಗಾಪುರಕ್ಕೆ ಬನ್ನಿ ಅಂತ ಕರೆದಾಗ ಅಮ್ಮ ಕೇಳಿದ್ದು ಒಂದೇ. "ಅಲ್ಲಿ ಹೊಳೆ ಇದೆಯಂತಲ್ಲಪ್ಪ, ಸಂಜೆ ದೋಣೀಲಿ ಕೂತು ದೀಪ ನೋಡಬೇಕು."

ಹಾಗಾಗಿ ಊರಲ್ಲೇ ಕೂತು ಆನ್‌ಲೈನಿನಲ್ಲಿ ಬುಕ್ ಮಾಡಿದೆ. ಯಾವ ಕಂಪನಿ ಅಂತ ಹೇಳುವುದಿಲ್ಲ. ಜಾಹೀರಾತಿನ ಫೋಟೋದಲ್ಲಿ ಮರೀನಾ ಬೇ ಸ್ಯಾಂಡ್ಸ್ ಹೋಟೆಲ್ ಎದುರಿಗೇ ಇತ್ತು. ಮೂರು ಗೋಪುರ, ಮೇಲೆ ಹಡಗಿನಂಥ ಚಾವಣಿ. ಪಕ್ಕದಲ್ಲಿ ನೀರು ಉಗುಳುವ ಮರ್ಲಯನ್, ಅದೇ ಸಿಂಹದ ತಲೆ, ಮೀನಿನ ಮೈಯ ಶಿಲ್ಪ. ಗೈಡ್ ಇರುತ್ತಾರೆ, ಊಟ ಇರುತ್ತದೆ, ನಗರದ ದೀಪ ನೋಡಬಹುದು ಅಂತ ಬರೆದಿತ್ತು. ಇನ್ನೇನು ಬೇಕು ಅನ್ನಿಸಿತು.

ಮೆಟ್ರೋದ ಕೆಂಪು ಲೈನಿನ ಕೊನೆಯ ಸ್ಟೇಷನ್ ಮರೀನಾ ಸೌತ್ ಪಿಯರ್. ಅಲ್ಲೇ ಹಡಗು ಹತ್ತುವ ಕಟ್ಟೆ. ಸೂರ್ಯ ಮುಳುಗುವ ಮುಂಚೆ ಹೊರಟೆವು. ಐದು ನಿಮಿಷಕ್ಕೇ ನನಗೆ ಏನೋ ಸರಿ ಇಲ್ಲ ಅನ್ನಿಸಿತು. ಹಡಗು ಊರಿನ ಕಡೆ ತಿರುಗಲಿಲ್ಲ, ಬೆನ್ನು ಹಾಕಿತು. ಎದುರಿಗೆ ಲಂಗರು ಹಾಕಿದ ಸರಕು ಹಡಗುಗಳು, ಬಂದರಿನ ಕ್ರೇನುಗಳು, ದೂರದಲ್ಲಿ ಸಣ್ಣ ಸಣ್ಣ ದ್ವೀಪಗಳು. ಗೋಪುರಗಳು ಕಂಡವು, ಇಲ್ಲ ಅನ್ನುವುದಿಲ್ಲ. ಆದರೆ ಓರೆಯಾಗಿ, ದೂರದಲ್ಲಿ, ಬೆರಳಿನಷ್ಟು ಎತ್ತರಕ್ಕೆ. ಕತ್ತಲಾದಂತೆ ಅದೂ ಒಂದು ಬೆಳಕಿನ ಗೆರೆ ಆಯಿತು. ಅಮ್ಮ ಅರ್ಧ ಗಂಟೆ ಸುಮ್ನೆ ಕೂತಿದ್ದರು. ಆಮೇಲೆ ಮೆತ್ತಗೆ ಕೇಳಿದರು, "ಹೊಳೆ ಯಾವಾಗ ಬರುತ್ತೆ?"

ನಾನು ಎದ್ದು ಹೋಗಿ ಕೆಲಸದ ಹುಡುಗನನ್ನು ಕೇಳಿದೆ. ಮರ್ಲಯನ್ ಹತ್ತಿರ ಯಾವಾಗ ಹೋಗುತ್ತೀರಿ ಅಂತ. ಈ ಹಡಗು ಅಲ್ಲಿಗೆ ಹೋಗುವುದಿಲ್ಲ ಅಂದ. ಇವತ್ತು ಹೋಗುವುದಿಲ್ಲವಾ ಅಂದೆ. ಯಾವತ್ತೂ ಹೋಗುವುದಿಲ್ಲ ಅಂದ. ವಾಪಸ್ ಬಂದು ಅಮ್ಮನಿಗೆ ಏನು ಹೇಳಲಿ?

ರಾತ್ರಿ ಮನೆಗೆ ಬಂದ ಮೇಲೆ ತಂಗಿ ಗಂಡ ಮೊಬೈಲಿನಲ್ಲಿ ನಕ್ಷೆ ತೆಗೆದು ತೋರಿಸಿದರು. ಆಗ ಅರ್ಥ ಆಯಿತು. ಸಿಂಗಾಪುರ ನದಿ ಮತ್ತು ಕಲ್ಲಾಂಗ್ ನದಿ ಎರಡೂ ಬಂದು ಸೇರುವುದು ಮರೀನಾ ಕೊಲ್ಲಿಗೆ. ಆ ಕೊಲ್ಲಿಯ ಬಾಯಿಗೆ 350 ಮೀಟರ್ ಉದ್ದದ ಕಟ್ಟೆ ಕಟ್ಟಿದ್ದಾರೆ. ಮರೀನಾ ಬ್ಯಾರೇಜ್ ಅಂತ. 2008ರಲ್ಲಿ ಶುರುವಾಯಿತು. ಒಂಬತ್ತು ಉಕ್ಕಿನ ಗೇಟು. ಜೋರು ಮಳೆ ಬಂದು ಸಮುದ್ರ ಇಳಿದಿದ್ದರೆ ಗೇಟು ತೆರೆದು ನೀರು ಬಿಡುತ್ತಾರೆ. ಸಮುದ್ರ ಏರಿದ್ದರೆ ಗೇಟು ತೆರೆಯುವಂತಿಲ್ಲ, ದೊಡ್ಡ ಪಂಪುಗಳಲ್ಲಿ ಎತ್ತಿ ಆಚೆ ಹಾಕುತ್ತಾರೆ. ಉಪ್ಪು ನೀರು ಒಳಗೆ ಬರದ ಹಾಗೆ ತಡೆದು, ಊರ ನಡುವೆಯೇ ಸಿಹಿನೀರಿನ ಕೆರೆ ಮಾಡಿಕೊಂಡಿದ್ದಾರೆ. ಅಂದ ಮೇಲೆ ಸಮುದ್ರದ ಹಡಗು ಕಟ್ಟೆ ದಾಟಿ ಒಳಗೆ ಬರುವ ಮಾತೇ ಇಲ್ಲ. ಅದು ಆಚೆ, ಇದು ಈಚೆ. ಫೋಟೋದಲ್ಲಿ ಇದ್ದದ್ದು ಈಚೆಯದು, ನಾವು ದುಡ್ಡು ಕೊಟ್ಟದ್ದು ಆಚೆಯದಕ್ಕೆ.

ಟಿಕೆಟ್ ಪುಟವನ್ನು ಮತ್ತೆ ಓದಿದೆ. ಕೆಳಗಡೆ ದ್ವೀಪಗಳ ಹೆಸರು ಬರೆದಿದ್ದರು. ನಾನು ಅದನ್ನು ದಾರಿಯಲ್ಲಿ ಸಿಗುವ ಜಾಗ ಅಂದುಕೊಂಡಿದ್ದೆ. ಮರೀನಾ ಕೊಲ್ಲಿಯ ಒಳಗೆ ಹೋಗುವುದಿಲ್ಲ ಅಂತ ಒಂದು ಸಾಲು ಹಾಕಿದ್ದರೆ ಸಾಕಿತ್ತು ಅಲ್ವಾ? ಬುಕ್ ಮಾಡಿದವರಿಗೆ ಬರೆದೆ. ಪ್ರಯಾಣ ಮುಗಿದ ಮೇಲೆ ದುಡ್ಡು ವಾಪಸ್ ಇಲ್ಲ ಅಂತ ಉತ್ತರ ಬಂತು. ದುಡ್ಡು ಹೋದದ್ದಕ್ಕಿಂತ ಅಮ್ಮ ಏನೂ ಅನ್ನದೆ ಮಲಗಿದ್ದು ನನಗೆ ಜಾಸ್ತಿ ನೋವಾಯಿತು.

ಇನ್ನು ಯಾರಿಗೂ ಹೀಗಾಗಬಾರದು. ಅದಕ್ಕೆ ಗುರುತು ಹೇಳುತ್ತೇನೆ. ಫೋಟೋ ನೋಡಬೇಡಿ, ಹತ್ತುವ ಜಾಗದ ಹೆಸರು ನೋಡಿ. ಕ್ಲಾರ್ಕ್ ಕೀ, ಬೋಟ್ ಕೀ ಅಂತ ಇದ್ದರೆ ಅದು ಬ್ಯಾರೇಜಿನ ಒಳಗೆ, ನದಿಯಲ್ಲಿ. ಮರೀನಾ ಸೌತ್ ಪಿಯರ್, ಹಾರ್ಬರ್‌ಫ್ರಂಟ್, ಸೆಂಟೋಸಾ ಅಂತ ಇದ್ದರೆ ಅದು ಹೊರಗೆ, ಸಮುದ್ರದಲ್ಲಿ.

ಹಡಗಿನ ಊಟದ ಬಗ್ಗೆ ಒಂದೇ ಮಾತು. ಅಮ್ಮ ಮಾಂಸ ಬೇಯಿಸಿದ ಕಡೆ ಊಟ ಮಾಡುವುದಿಲ್ಲ, ಎರಡು ಬಾಳೆಹಣ್ಣು ತಿಂದು ಮಜ್ಜಿಗೆಗೆ ಮನೆಗೆ ಬಂದರು.

ಹಡಗಿನ ಪರವಾಗಿಯೂ ಹೇಳಬೇಕು. ಗಾಳಿ ಚೆನ್ನಾಗಿತ್ತು. ಒಳಗೇ ಶೌಚಾಲಯ ಇತ್ತು, ವಯಸ್ಸಾದವರಿಗೆ ಅದು ದೊಡ್ಡ ಸಮಾಧಾನ. ಕತ್ತಲಲ್ಲಿ ನೂರಾರು ಹಡಗಿನ ದೀಪ ನೀರ ಮೇಲೆ ಹರಡಿದ್ದನ್ನು ನನ್ನ ಹೆಂಡತಿ ಇವತ್ತಿಗೂ ನೆನೆಯುತ್ತಾಳೆ. ಸಮುದ್ರವೇ ಬೇಕು ಅನ್ನುವವರು ಧಾರಾಳವಾಗಿ ಹೋಗಿ. ಊರು ನೋಡಬೇಕು ಅನ್ನುವವರು ಬೇಡ.

ಇನ್ನು ದೋಣಿ. ಈ ಸಲ ತಂಗಿಯೂ ಬಂದಳು. ನಾಲ್ಕು ಜನಕ್ಕೆ 112 ಡಾಲರ್, ಹಡಗಿನ ಅರ್ಧದಷ್ಟೂ ಆಗಲಿಲ್ಲ. ಕ್ಲಾರ್ಕ್ ಕೀ ಕಟ್ಟೆಯಲ್ಲಿ 7.40ಕ್ಕೆ ಹತ್ತಿದೆವು. ಈ ಗಂಟೆಗೂ ಕಾರಣ ಇದೆ. ಸಮಭಾಜಕದ ಹತ್ತಿರದ ಊರು, ವರ್ಷವಿಡೀ 7 ಗಂಟೆ ಆಸುಪಾಸಿನಲ್ಲೇ ಸೂರ್ಯ ಮುಳುಗುತ್ತಾನೆ. ಮರೀನಾ ಬೇ ಸ್ಯಾಂಡ್ಸ್ ಎದುರು ನೀರು, ಬೆಳಕಿನ ಆಟ ಶುರುವಾಗುವುದು 8ಕ್ಕೆ. ಹೊರಟ ಇಪ್ಪತ್ತು ನಿಮಿಷಕ್ಕೆ ದೋಣಿ ಕೊಲ್ಲಿಗೆ ಬರುತ್ತದೆ. ಆ ಆಟ ಪೂರ್ತಿ ನೋಡಲು ನಿಲ್ಲಿಸುವ ದೋಣಿಗೆ ಬೇರೆ ಟಿಕೆಟ್, ಬೆಲೆಯೂ ಜಾಸ್ತಿ. ನಮಗೆ ಮಾಮೂಲಿ ದೋಣಿಯಲ್ಲೇ ಮೊದಲ ಐದಾರು ನಿಮಿಷ ಸಿಕ್ಕಿತು, ಸಾಕಾಯಿತು.

ಜಾಗ ಮಾತ್ರ ಹಿಂದುಗಡೆಯೇ ಹಿಡಿಯಿರಿ. ಮುಂದಿನ ಭಾಗಕ್ಕೆ ಚಾವಣಿ ಇದೆ, ಎತ್ತರದ ಕಟ್ಟಡದ ತುದಿ ಕಾಣಬೇಕಾದರೆ ಕತ್ತು ಬಗ್ಗಿಸಿ ಇಣುಕಬೇಕು. ಹಿಂದೆ ಬಯಲು, ಆದರೆ ಕೆಲವೇ ಸೀಟು. ನಾವು ಒಂದು ದೋಣಿ ಬಿಟ್ಟು, ಮುಂದಿನದಕ್ಕೆ ಸಾಲಿನಲ್ಲಿ ಮೊದಲು ನಿಂತೆವು. ಅಮ್ಮ ಅಲುಗಾಡುವ ದೋಣಿಗೆ ಕಾಲಿಡಲು ಹೆದರಿದರು. ದೋಣಿಯವನು ಕೈ ಚಾಚಿ "ಪಾತ್ತು ಅಮ್ಮಾ, ಪಾತ್ತು" ಅಂದ. ತಮಿಳು! ಅಮ್ಮನ ತವರು ಕೋಲಾರದ ಕಡೆ, ಅವರಿಗೆ ತಮಿಳು ಬರುತ್ತದೆ. ಅವನ ಕೈ ಹಿಡಿದು ಸಲೀಸಾಗಿ ಇಳಿದರು. ಆಮೇಲೆ ದೋಣಿ ಹೊರಡುವವರೆಗೂ ಅವನ ಊರು, ಮನೆ, ಮಕ್ಕಳು ಎಲ್ಲ ವಿಚಾರಿಸಿದರು.

ಗೈಡ್ ವಿಷಯ ಎರಡರಲ್ಲೂ ಅಷ್ಟಕ್ಕಷ್ಟೇ. ಹಡಗಿನಲ್ಲಿ ಮೈಕ್ ಹಿಡಿದ ಹೆಂಗಸು ಇದ್ದರು, ಆದರೆ ಹಾಡಿನ ಸದ್ದಿನಲ್ಲಿ ಅವರ ಮಾತು ಮುಳುಗಿತು. ದೋಣಿಯಲ್ಲಿ ಮನುಷ್ಯರೇ ಇಲ್ಲ, ರೆಕಾರ್ಡ್ ಮಾಡಿದ ಇಂಗ್ಲಿಷ್ ವಿವರಣೆ. ನಮಗೆ ತಂಗಿಯೇ ಗೈಡ್ ಆದಳು. ನಿಮ್ಮ ಜೊತೆ ಹಾಗೆ ಯಾರೂ ಇಲ್ಲದಿದ್ದರೆ ಹೋಗುವ ಮುಂಚೆ ಸ್ವಲ್ಪ ಓದಿಕೊಂಡು ಹೋಗಿ, ನೋಡುವುದು ಎರಡರಷ್ಟಾಗುತ್ತದೆ.

ಅವಳು ಹೇಳಿದ್ದು ಇಷ್ಟು. ಈ ದೋಣಿಗಳು ಮೊದಲು ಜನರಿಗಲ್ಲ, ಸರಕಿಗೆ. ದೊಡ್ಡ ಹಡಗಿನಿಂದ ಮೂಟೆ ಇಳಿಸಿಕೊಂಡು ಬೋಟ್ ಕೀಯ ಗೋದಾಮುಗಳಿಗೆ ತರುತ್ತಿದ್ದವು. ನೀರಲ್ಲಿ ದಾರಿ ಕಾಣಲಿ ಅಂತ ಮೂತಿಗೆ ಎರಡು ಕಣ್ಣು ಬರೆಯುತ್ತಿದ್ದರು, ಇವತ್ತಿಗೂ ಬರೆಯುತ್ತಾರೆ. ನದಿ ಆಗ ಗಬ್ಬು ನಾರುತ್ತಿತ್ತು. ಹಂದಿ ಸಾಕುವವರ ಕೊಳಚೆ, ಬೀದಿ ಅಂಗಡಿಗಳ ಕಸ, ಎಣ್ಣೆ, ಎಲ್ಲವೂ ನೀರಿಗೇ. 1977ರಲ್ಲಿ ಪ್ರಧಾನಿ ಲೀ ಕ್ವಾನ್ ಯೂ ಹತ್ತು ವರ್ಷದಲ್ಲಿ ಇದು ಶುದ್ಧ ಆಗಬೇಕು ಅಂದರು. 1983ರಲ್ಲಿ ಸರಕು ದೋಣಿಗಳನ್ನು ಬೇರೆ ಕಡೆ ಕಳಿಸಿದರು. 1987ಕ್ಕೆ ಕೆಲಸ ಮುಗಿಯಿತು.

ಅಮ್ಮ ಕೈ ಇಳಿಬಿಟ್ಟು ನೀರು ಮುಟ್ಟಲು ನೋಡಿದರು, ಎಟುಕಲಿಲ್ಲ. "ಇದೂ ನಮ್ಮ ಕಂದವಾರ ಕೆರೆ ಥರ ಶುದ್ಧ ಮಾಡಿ ಬಿಟ್ಟ ನೀರಾ?" ಅಂತ ಕೇಳಿದರು. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಹೆಬ್ಬಾಳ ನಾಗವಾರ ಯೋಜನೆಯಲ್ಲಿ ನಮ್ಮ ಕೆರೆಗೆ ತುಂಬಿಸುತ್ತಾರಲ್ಲ, ಅದು ಅವರ ತಲೆಯಲ್ಲಿತ್ತು. ಅಲ್ಲಮ್ಮ, ಇದು ಮಳೆ ನೀರು, ಈ ದೇಶದ ಆರನೇ ಒಂದು ಭಾಗದ ಮೇಲೆ ಬಿದ್ದ ಮಳೆ ಇಲ್ಲಿಗೇ ಬರುತ್ತದೆ ಅಂದಳು ತಂಗಿ. ಅಮ್ಮ ಬಹಳ ಹೊತ್ತು ನೀರನ್ನೇ ನೋಡುತ್ತಾ ಕೂತರು.

ಈಗ ದೋಣಿ ಕೊಲ್ಲಿ ಸೇರಿದ ಆ ಐದು ನಿಮಿಷದ ಮಾತಿಗೆ ಬರುತ್ತೇನೆ. ನನ್ನ ಓಟು ದೋಣಿಗೆ ಬಿದ್ದದ್ದು ಅಲ್ಲೇ. ಕೊಲ್ಲಿ ಸೇರುವ ಮುಂಚೆ ಸಾಲಾಗಿ ಸೇತುವೆಗಳು. 1869ರ ಕ್ಯಾವೆನಾ ಸೇತುವೆ ತೀರಾ ತಗ್ಗು. ಹಿಂದೆ ಸಮುದ್ರ ಏರಿದಾಗ ಸರಕು ದೋಣಿಗಳು ಅದರ ಕೆಳಗೆ ನುಗ್ಗಲಾಗದೆ ಕಾಯುತ್ತಿದ್ದವಂತೆ. ಈಗ ಬ್ಯಾರೇಜ್ ಇರುವುದರಿಂದ ಉಬ್ಬರ ಇಳಿತ ಒಳಗೆ ಬರುವುದೇ ಇಲ್ಲ. ಸೇತುವೆಯ ಕಬ್ಬಿಣದ ಮೊಳೆಗಳು ತಲೆಯ ಮೇಲೆ ಒಂದೊಂದಾಗಿ ಕಾಣುತ್ತಾ ಹೋದವು. ನೀರಿನ ಬೆಳಕು ಅದರ ಹೊಟ್ಟೆಯಲ್ಲಿ ಕುಣಿಯುತ್ತಿತ್ತು. ಆಮೇಲೆ 1910ರ ಆಂಡರ್ಸನ್ ಸೇತುವೆ. ಆಮೇಲೆ ಅಗಲವಾದ ಎಸ್‌ಪ್ಲನೇಡ್ ಸೇತುವೆಯ ಕತ್ತಲು. ಮಾತು ನಿಂತಿತು, ಒಂದು ಕ್ಷಣ ಏನೂ ಕಾಣಲಿಲ್ಲ.

ಕತ್ತಲು ಮುಗಿದದ್ದೇ ಇಡೀ ಊರು ಒಮ್ಮೆಗೇ ಎದುರಿಗೆ ನಿಂತಿತು. ಬಲಕ್ಕೆ ಮರ್ಲಯನ್, 8.6 ಮೀಟರ್ ಎತ್ತರ, 70 ಟನ್ ತೂಕ. ಅದರ ನೀರಿನ ಹನಿ ಗಾಳಿಗೆ ನಮ್ಮ ಮೇಲೂ ಬಿತ್ತು. 1972ರಲ್ಲಿ ನಿಲ್ಲಿಸಿದ ಶಿಲ್ಪ. ಎಸ್‌ಪ್ಲನೇಡ್ ಸೇತುವೆ ಅಡ್ಡ ಬಂದು ಕಾಣದಂತಾಯಿತು ಅಂತ 2002ರಲ್ಲಿ ಅದನ್ನೇ 120 ಮೀಟರ್ ಆಚೆ ಸರಿಸಿದರು. ಅದರ ಹಿಂದೆ ಬ್ಯಾಂಕುಗಳ ಗಗನಚುಂಬಿ ಕಟ್ಟಡಗಳು. ಎದುರಿಗೆ ಮೂರು ಗೋಪುರ, ಒಂದೊಂದೂ 55 ಮಹಡಿ, ಮೇಲೆ 340 ಮೀಟರ್ ಉದ್ದದ ಚಾವಣಿ. ದೋಣಿ ನೀರಿಗೆ ಅಂಟಿಕೊಂಡ ಹಾಗೆ ತಗ್ಗಾಗಿರುವುದರಿಂದ ಅವು ಎದ್ದು ನಿಂತ ಬೆಟ್ಟದ ಥರ ಕಾಣುತ್ತವೆ. ಹಡಗಿನ ಮೇಲ್ಮಹಡಿಯಿಂದ ಬೆರಳಿನಷ್ಟಿದ್ದವು ಇವೇನಾ ಅನ್ನಿಸಿತು. "ಭೋಗನಂದೀಶ್ವರನ ಮಂಟಪದ ಹಾಗಿದೆ," ಅಂದರು ಅಮ್ಮ. "ಕಂಬದ ಮೇಲೆ ಚಪ್ಪಡಿ ಇಟ್ಟ ಹಾಗೆ." ಅಷ್ಟರಲ್ಲಿ 8 ಗಂಟೆ. ಗೋಪುರದಿಂದ ಹಸಿರು ಬೆಳಕಿನ ಗೆರೆಗಳು ನಮ್ಮ ತಲೆ ಮೇಲೆ ಹಾದವು. ಅಮ್ಮ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡರು.

ಮೂರನೆಯ ದಾರಿ ಬಿಟ್ಟಿಯದು, ನಡೆಯುವುದು. ಕೊಲ್ಲಿಯ ಸುತ್ತ 3.5 ಕಿಲೋಮೀಟರ್ ಕಾಲುದಾರಿ ಇದೆ. ಇನ್ನೊಂದು ದಿನ ನಾನು, ನನ್ನ ಹೆಂಡತಿ ಇಬ್ಬರೇ ಹೋದೆವು. ಕ್ಯಾವೆನಾ ಸೇತುವೆಯ ಹತ್ತಿರ, ದನ ಕುದುರೆ ಹೋಗಬಾರದು ಅಂತ ಬರೆದ ಹಳೇ ಬೋರ್ಡ್ ಇನ್ನೂ ಇದೆ, ಅದು ದೋಣಿಯಲ್ಲಿ ಕೂತವರಿಗೆ ಸಿಗುವುದಿಲ್ಲ. ಹೀಲಿಕ್ಸ್ ಸೇತುವೆ ಮೇಲೆ ನಿಂತು ನೋಡಿದರೂ ಊರು ಅಷ್ಟೇ ಚೆಂದ. ಕಾಲು ಗಟ್ಟಿ ಇರುವ ಹುಡುಗರು ದುಡ್ಡು ಉಳಿಸಬೇಕೆಂದರೆ ಇದನ್ನೇ ಮಾಡಿ. ಆದರೆ ಸೆಕೆ ಜಾಸ್ತಿ, ಮಂಡಿ ನೋವಿನವರಿಗೆ ಆಗದ ಮಾತು.

ನನ್ನ ಲೆಕ್ಕ ಹೀಗೆ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಸಂಜೆ ಆರೂವರೆಗೇ ಮನೆಯಲ್ಲಿ ಊಟ ಮುಗಿಸಿ ದೋಣಿ ಹತ್ತಿ. ದೋಣಿಯಲ್ಲಿ ಶೌಚಾಲಯ ಇರಲಿಲ್ಲ, ನಲವತ್ತು ನಿಮಿಷದ ಪ್ರಯಾಣ, ಕಟ್ಟೆ ಹತ್ತಿರವೇ ಮುಗಿಸಿಕೊಳ್ಳಿ. ಟಿಕೆಟನ್ನು ಊರಿಂದಲೇ ತೆಗೆಯಬೇಡಿ. ನವೆಂಬರಿನಿಂದ ಜನವರಿವರೆಗೆ ಅಲ್ಲಿ ಮಳೆ ಜಾಸ್ತಿ, ನಾವು ಹೋದದ್ದೂ ಡಿಸೆಂಬರಿನಲ್ಲೇ. ಹಡಗಿನ ಮಾರನೇ ಸಂಜೆಯೇ ದೋಣಿಗೆ ಹೋಗೋಣ ಅಂತ ಕಟ್ಟೆಗೆ ಬಂದೆವು, ಆಕಾಶ ಹರಿದ ಹಾಗೆ ಸುರಿಯಿತು. ಟಿಕೆಟ್ ತೆಗೆದಿರಲಿಲ್ಲ. ಸೇತುವೆ ಕೆಳಗೆ ಮುಕ್ಕಾಲು ಗಂಟೆ ನಿಂತು ನದಿಯ ಮೇಲೆ ಮಳೆ ಬೀಳುವುದನ್ನು ನೋಡಿ, ಮೆಟ್ರೋ ಹತ್ತಿ ಮನೆಗೆ ಬಂದೆವು. ಎರಡು ದಿನ ಬಿಟ್ಟು ಆಕಾಶ ತಿಳಿಯಾದ ಸಂಜೆ ಮತ್ತೆ ಹೋಗಿ ಅಲ್ಲೇ ಕಿಟಕಿಯಲ್ಲಿ ನಾಲ್ಕು ಟಿಕೆಟ್ ತೆಗೆದುಕೊಂಡೆವು.